'ಅರೆ' ಎಂಬ ಪದವೂ ಮಣಿಪಾಲದ ಕಾಲೇಜುಗಳೂ

ಕಳೆದ ವರ್ಷ ಆಸ್ಪತ್ರೆ ಸಿಬ್ಬಂದಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. 'ಪ್ಯಾರಾಮೆಡಿಕಲ್' ಎಂಬಲ್ಲಿ ಕೈ ನಿಂತಿತು. ರೂಢಿಯ ಕನ್ನಡ ಎಲ್ಲರಿಗೂ ಗೊತ್ತು: ಅರೆವೈದ್ಯಕೀಯ. ಗ್ರೀಕಿನ 'ಪ್ಯಾರಾ' ಎಂದರೆ ಪಕ್ಕದಲ್ಲಿ ಎಂದರ್ಥ. ನಮ್ಮ 'ಅರೆ' ಹಾಗಲ್ಲ. ಅರೆಬೆಂದ ಅನ್ನ, ಅರೆಹೊಟ್ಟೆ, ಅರೆಮನಸ್ಸು, ಎಲ್ಲದರಲ್ಲೂ ಏನೋ ಕಡಿಮೆ ಬಿದ್ದಿದೆ. ಅದೇ ಹೊತ್ತಿಗೆ ಪುಣೆಯಲ್ಲಿ, ಪಾರ್ಶ್ವವಾಯು ಹೊಡೆದಿದ್ದ ನನ್ನ ದೊಡ್ಡಮ್ಮನಿಗೆ ಒಬ್ಬ ವಾಕ್ ಚಿಕಿತ್ಸಕಿ ನೀರು ನುಂಗುವುದನ್ನೂ ಮಾತು ಜೋಡಿಸುವುದನ್ನೂ ಮತ್ತೆ ಕಲಿಸುತ್ತಿದ್ದರು. ಅವರನ್ನು 'ಅರೆ' ಎನ್ನಲು ನನಗೆ ಮನಸ್ಸಾಗಲಿಲ್ಲ.

ವೈದ್ಯರಲ್ಲದ ಈ ಆರೋಗ್ಯ ವೃತ್ತಿಗಳಿಗೆ ಓದು, ಪದವಿ, ಕೊನೆಗೊಂದು ಸ್ವಂತ ಹೆಸರು ಹೇಗೆ ದಕ್ಕಿತು ಎಂದು ಹುಡುಕುತ್ತ ಹೋದೆ. ಆ ದಾರಿ ಮಣಿಪಾಲದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾದದ್ದು 1953ರಲ್ಲಿ. ಕಟ್ಟಿದವರು ಮದರಾಸಿನಲ್ಲಿ ವೈದ್ಯಕೀಯ ಓದಿ ಬಂದಿದ್ದ ಡಾ. ಟಿ.ಎಂ.ಎ. ಪೈ. ಉಡುಪಿ ಸೀಮೆ ಆಗ ಮದರಾಸು ರಾಜ್ಯದಲ್ಲಿತ್ತು. ಕಾಲೇಜಿಗೆ ಮಾನ್ಯತೆ ಕೊಟ್ಟದ್ದು ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಏಕೀಕರಣಕ್ಕೆ ಇನ್ನೂ ಮೂರು ವರ್ಷವಿತ್ತು. ಬೋಳುಗುಡ್ಡದ ಮೇಲಿನ ಈ ಕಾಲೇಜಿಗೆ ಸ್ವಂತ ದೊಡ್ಡ ಆಸ್ಪತ್ರೆಯೂ ಇರಲಿಲ್ಲ. ಅರವತ್ತು ಕಿಲೋಮೀಟರಿಗೂ ದೂರದ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತರು. ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ. ಇಂದು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ.

ಆಸ್ಪತ್ರೆ ದೊಡ್ಡದಾದಂತೆ ವೈದ್ಯರಷ್ಟೇ ಇದ್ದರೆ ಸಾಲುವುದಿಲ್ಲ. ಔಷಧ ಕೊಡುವವರು, ಹಲ್ಲು ನೋಡುವವರು, ರಾತ್ರಿಯಿಡೀ ಹಾಸಿಗೆಯ ಬಳಿ ಇರುವವರು ಬೇಕು. 1963ರಲ್ಲಿ ಫಾರ್ಮಸಿ, 1965ರಲ್ಲಿ ದಂತವೈದ್ಯಕೀಯ, 1990ರಲ್ಲಿ ನರ್ಸಿಂಗ್ ಕಾಲೇಜು ಬಂದವು. 1993ರಲ್ಲಿ ಮಣಿಪಾಲದಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ದಂತವೈದ್ಯಕೀಯ ಕಾಲೇಜು 2021ರ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ದೇಶಕ್ಕೇ ಮೊದಲು ನಿಂತಿತು.

ಇದರ ಹಣದ ಕತೆಯನ್ನು ಬಿಡುವಂತಿಲ್ಲ. 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಪೈಯವರೂ ಒಬ್ಬರು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಪಡೆಯುವ ಪಿಗ್ಮಿ ಠೇವಣಿ ಆ ಬ್ಯಾಂಕಿನದು. ಕಾಲೇಜು ನಡೆದದ್ದು ಮುಖ್ಯವಾಗಿ ವಿದ್ಯಾರ್ಥಿಗಳ ಮನೆಯವರು ಕೊಟ್ಟ ದೊಡ್ಡ ಮೊತ್ತಗಳಿಂದ. ಸರ್ಕಾರದ ಬಳಿ ಹಣವಿಲ್ಲದ ಕಾಲದಲ್ಲಿ ಅದರಿಂದ ಸಾವಿರಾರು ವೈದ್ಯರು ತಯಾರಾದರು. ಅದೇ ದಾರಿ ಮುಂದೆ 'ಕ್ಯಾಪಿಟೇಷನ್' ಎಂಬ ಕೆಟ್ಟ ಹೆಸರನ್ನೂ ಹೊತ್ತಿತು. ಕರ್ನಾಟಕ ಸರ್ಕಾರ 1984ರಲ್ಲಿ ಅದನ್ನು ನಿಷೇಧಿಸಿ ಕಾನೂನು ತಂದಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಖಾಸಗಿಯವರು ಕಾಲೇಜು ನಡೆಸಬಹುದು, ಆದರೆ ಕ್ಯಾಪಿಟೇಷನ್ ಪಡೆಯುವಂತಿಲ್ಲ, ಲಾಭಕೋರತನ ಕೂಡದು ಎಂದಿತು. ಆ ಪ್ರಕರಣದ ಹೆಸರೇ 'ಟಿ.ಎಂ.ಎ. ಪೈ ಫೌಂಡೇಶನ್'. ಈ ಓದು ಯಾರ ಕೈಗೆ ಎಟಕುತ್ತದೆ ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ.

ಈಗ ನನ್ನ ಪದಕ್ಕೆ ಬರುತ್ತೇನೆ. ಫಿಸಿಯೋಥೆರಪಿ, ವಾಕ್-ಶ್ರವಣ, ಡಯಾಲಿಸಿಸ್, ಪ್ರಯೋಗಾಲಯ, ಎಕ್ಸ್‌ರೇ-ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಇವನ್ನು ಕಲಿಸುವ ವಿಭಾಗಗಳನ್ನು ಒಟ್ಟುಗೂಡಿಸಿ ಕಟ್ಟಿದ ಕಾಲೇಜಿನ ಫಲಕದ ಮೇಲೆ ಬಹುಕಾಲ ಇದ್ದ ಪದ 'ಅಲೈಡ್', ಅಂದರೆ ಪೂರಕ. ಪೂರಕ ಎಂದರೂ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ನಡುವೆ ಇನ್ನೊಬ್ಬರು ಇದ್ದೇ ಇರುತ್ತಾರೆ. ಆಮೇಲೆ ಅದು ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್ ಆಯಿತು. ಈ ಹೆಸರಿನಲ್ಲಿ 'ಅರೆ'ಯೂ ಇಲ್ಲ, 'ಪೂರಕ'ವೂ ಇಲ್ಲ. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾನೂನು ಮಾಡಿತು. ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಗುರುತಿಸಿ, ನೋಂದಣಿಗೆ ದಾರಿ ಮಾಡಿತು. ಅದರ ಹೆಸರಿನಲ್ಲಿ 'ಅಲೈಡ್' ಉಳಿದಿದೆ, ಪಕ್ಕದಲ್ಲಿ 'ಹೆಲ್ತ್‌ಕೇರ್ ಪ್ರೊಫೆಷನ್ಸ್' ಸೇರಿದೆ.

ಹೆಸರು ಬದಲಾದರೆ ಸಂಬಳ ಹೆಚ್ಚುವುದಿಲ್ಲ, ನಿಜ. ಆದರೆ ಹೆಸರಿಲ್ಲದ ಕೆಲಸಕ್ಕೆ ಅರ್ಹತೆಯಿಲ್ಲದವರೂ ಬಂದು ಕೂರುತ್ತಾರೆ, ಕಲಿತವರ ಮಾತಿಗೆ ವಾರ್ಡಿನಲ್ಲಿ ಬೆಲೆ ಸಿಗುವುದಿಲ್ಲ. ಅದರ ನಷ್ಟ ಕೊನೆಗೆ ರೋಗಿಯದು.

ಕೈಪಿಡಿಯಲ್ಲಿ ನಾನು 'ಆರೋಗ್ಯ ವೃತ್ತಿನಿರತರು' ಎಂದು ಬರೆದು ಕಳಿಸಿದೆ. ಅಚ್ಚಾಗುವಾಗ ಅದು 'ಅರೆವೈದ್ಯಕೀಯ ಸಿಬ್ಬಂದಿ'ಯಾಗಿತ್ತು. ಜನರಿಗೆ ಗೊತ್ತಿರುವ ಪದವೇ ಇರಲಿ ಎಂದರು. ಅವರ ಮಾತಿನಲ್ಲೂ ಹುರುಳಿದೆ. ದೊಡ್ಡಮ್ಮನಿಗೆ ಈ ಗೊಂದಲವೇ ಇಲ್ಲ. ತಡವರಿಸುತ್ತ ಆಕೆ ಆ ಚಿಕಿತ್ಸಕಿಯನ್ನು 'ಟೀಚರ್' ಎನ್ನುತ್ತಾಳೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಇವರನ್ನು ಏನೆಂದು ಕರೆಯುತ್ತೀರಿ? ಈ ಮೇಲ್‌ಗೆ ಉತ್ತರಿಸಿ ತಿಳಿಸಿ.