ಎಂಕೆಫಾಂಟ್‌ಸ್ಕೇಲ್ ಎಂಬ ಗುಮಾಸ್ತನ ಕಥೆ

ಲಿನಕ್ಸಿನಲ್ಲಿ ಕನ್ನಡ ನೆಟ್ಟಗೆ ಮೂಡೋದಕ್ಕೆ ಯಾಕೆ ಅಷ್ಟು ತಡವಾಯ್ತು ಅಂದರೆ ಸುಮಾರು ಜನ "ಫಾಂಟ್ ಇರಲಿಲ್ಲ" ಅಂದುಬಿಡ್ತಾರೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ಉಳಿದರ್ಧ ಒಂದು ಪುಟ್ಟ ಕಮ್ಯಾಂಡಿನ ಚರಿತ್ರೆಯಲ್ಲಿದೆ.

ಯುನಿಕ್ಸ್, ಲಿನಕ್ಸ್‌ಗಳ ತೆರೆಯ ಮೇಲೆ ಕಿಟಕಿ, ಅಕ್ಷರ ಮೂಡಿಸುತ್ತಿದ್ದ ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅದರ ಸರ್ವರ್ ಫಾಂಟ್ ಹುಡುಕುತ್ತಿದ್ದುದು ಕಡತಗಳ ಒಳಹೊಕ್ಕು ಅಲ್ಲ. ಪ್ರತಿ ಫೋಲ್ಡರಿನಲ್ಲೂ 'ಫಾಂಟ್ಸ್.ಡಿರ್' ಅನ್ನೋ ಪಟ್ಟಿ ಇರಬೇಕು. ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಅನ್ನೋ ಲೆಕ್ಕ, ಆಮೇಲೆ ಸಾಲಿಗೊಂದು ಫಾಂಟು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಫಾಂಟ್ ಇದ್ದೂ ಇಲ್ಲದ ಹಾಗೆ!

ಹೆಸರು ಅಂದರೆ ಬರೀ ಹೆಸರಲ್ಲ, ಅಡ್ಡಗೆರೆಗಳಿಂದ ಬೇರ್ಪಟ್ಟ 14 ಭಾಗಗಳ ಜಾತಕ. ತಯಾರಿಸಿದವರು, ಕುಟುಂಬ, ದಪ್ಪ, ಓರೆ, ಅಳತೆ, ಕೊನೆಗೆ ಯಾವ ಸಂಕೇತ ಪದ್ಧತಿ ಅನ್ನೋದು. ಬೇಕಾದ ಹಾಗೆ ಹಿಗ್ಗಿಸಬಲ್ಲ ಫಾಂಟುಗಳಿಗೆ ಅಳತೆಯ ಜಾಗದಲ್ಲಿ ಸೊನ್ನೆ. ಇಲ್ಲಿ ಸೊನ್ನೆ ಅಂದರೆ 'ಇಲ್ಲ' ಅಂತಲ್ಲ, 'ಎಷ್ಟು ಬೇಕಾದರೂ' ಅಂತ. ಚೆನ್ನಾಗಿದೆ ಅಲ್ವಾ? :)

ಇಂಥ ಹಿಗ್ಗುವ ಫಾಂಟುಗಳು ಎಕ್ಸ್‌ಗೆ ಬಂದದ್ದು 1991ರ ಎಕ್ಸ್11 ಆರ್5ರಲ್ಲಿ. ಹಳೆಯ 'ಎಂಕೆಫಾಂಟ್‌ಡಿರ್' ಕಮ್ಯಾಂಡಿಗೆ ಇವನ್ನು ಓದೋಕೆ ಬರುತ್ತಿರಲಿಲ್ಲ. ಹಾಗಾಗಿ 'ಫಾಂಟ್ಸ್.ಸ್ಕೇಲ್' ಅನ್ನೋ ಇನ್ನೊಂದು ಪಟ್ಟಿಯನ್ನು ಕೈಯಲ್ಲೇ ಬರೆಯಬೇಕಿತ್ತು, ಇಲ್ಲವೇ 'ಟಿಟಿಎಂಕೆಎಫ್‌ಡಿರ್' ತರಹದ ಬೇರೆ ಉಪಕರಣ ಹಿಡಿಯಬೇಕಿತ್ತು. ಈ ತಾಪತ್ರಯ ತಪ್ಪಿಸಿದ್ದು ಯೂಲಿಯುಷ್ ಕ್ರೊಬೊಚೆಕ್ ಎಕ್ಸ್‌ಫ್ರೀ86 ಯೋಜನೆಗಾಗಿ ಬರೆದ 'ಎಂಕೆಫಾಂಟ್‌ಸ್ಕೇಲ್'. 2003ರ 4.3 ಆವೃತ್ತಿಯಲ್ಲಿ ಅದು ಬಂತು. ಫ್ರೀಟೈಪ್ ಲೈಬ್ರರಿಯ ಮೂಲಕ ಪ್ರತಿ ಫಾಂಟನ್ನೂ ತೆರೆದು, ಯಾವ ಯಾವ ಸಂಕೇತಗಳಿಗೆ ಆಕಾರ ಇದೆ ಅಂತ ನೋಡಿ, ಪಟ್ಟಿಯನ್ನು ತಾನೇ ಬರೆಯಿತು.

ಕನ್ನಡದ ಕಥೆ ಶುರುವಾಗೋದೇ ಇಲ್ಲಿ. 1991ರಿಂದಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಇತ್ತು. ಕನ್ನಡದ ಯುನಿಕೋಡ್ ಫಾಂಟ್ ಹಾಕಿದರೆ ಈ ಗುಮಾಸ್ತ ಅದನ್ನೂ ನಿಷ್ಠೆಯಿಂದ ಪಟ್ಟಿಗೆ ಸೇರಿಸುತ್ತಾನೆ. ಆದರೆ 'ಅಕ್ಕ' ಬರೆಯೋಕೆ ಹೋಗಿ... ಕ, ವಿರಾಮ ಚಿಹ್ನೆ, ಮತ್ತೆ ಕ ಪಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಯಾಕಂದರೆ ಒತ್ತಕ್ಷರಕ್ಕೆ ಯುನಿಕೋಡಿನಲ್ಲಿ ಪ್ರತ್ಯೇಕ ಸಂಕೇತ ಇಲ್ಲ. ಅದರ ಆಕಾರ, ಅದನ್ನು ಯಾವಾಗ ಬಳಸಬೇಕೆಂಬ ನಿಯಮ, ಎರಡೂ ಫಾಂಟಿನೊಳಗಿನ ಓಪನ್‌ಟೈಪ್ ಕೋಷ್ಟಕಗಳಲ್ಲಿವೆ. ಸಂಕೇತಕ್ಕೊಂದು ಆಕಾರ ಇಡುವ ಹಳೆಯ ಎಕ್ಸ್ ಆ ಕೋಷ್ಟಕಗಳನ್ನು ನೋಡುತ್ತಲೇ ಇರಲಿಲ್ಲ.

ಉತ್ತರ ಬಂದದ್ದು ಬೇರೆ ದಾರಿಯಿಂದ. 2002ರಲ್ಲಿ ಜಿಟಿಕೆ 2.0 ಜೊತೆ ಪ್ಯಾಂಗೊ ಬಂತು. ಕೀತ್ ಪ್ಯಾಕರ್ಡ್ ಅವರ ಎಕ್ಸ್‌ಎಫ್‌ಟಿ, ಫಾಂಟ್‌ಕಾನ್ಫಿಗ್‌ಗಳು ಅಕ್ಷರದ ಜವಾಬ್ದಾರಿಯನ್ನು ಸರ್ವರಿನಿಂದ ತಂತ್ರಾಂಶಗಳ ಕೈಗೆ ದಾಟಿಸಿದವು. ಫಾಂಟ್ ಹುಡುಕಲು ಒಬ್ಬರು, ಒತ್ತು ಜೋಡಿಸಲು ಇನ್ನೊಬ್ಬರು. ಹೀಗೆ ಪಟ್ಟಿ ಬರೆಯೋದು ಸುಲಭವಾದ ಹೊತ್ತಿಗೆ ಪಟ್ಟಿಯ ಕಾಲವೇ ಮುಗಿಯುತ್ತಾ ಬಂದಿತ್ತು, ಪಾಪ.

ಎಂಕೆಫಾಂಟ್‌ಸ್ಕೇಲ್ ಈಗಲೂ ಇದೆ. ಎಂಕೆಫಾಂಟ್‌ಡಿರ್ ಅಂತ ಕರೆದರೂ ಓಗೊಡೋದು ಅದೇ. ಆದರೆ ಹೊಸ ಫಾಂಟ್ ಹಾಕಿದಾಗ ನಾವು ಕೊಡುವ ಆಜ್ಞೆ 'ಎಫ್‌ಸಿ-ಕ್ಯಾಶ್'. 'ಎಫ್‌ಸಿ-ಲಿಸ್ಟ್'ಗೆ ಕನ್ನಡ ಬರೆಯಬಲ್ಲವರು ಯಾರ್ಯಾರು ಅಂತ ಭಾಷೆ ಹೇಳಿಯೇ ಕೇಳಬಹುದು.

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಡು ಬರುತ್ತೆ ಅಂತಲ್ಲವಲ್ಲ. 'ಕನ್ನಡ ಬೆಂಬಲ ಇದೆ' ಅಂತ ಯಾರಾದರೂ ಹೇಳಿದರೆ ನಾನಂತೂ ಮೊದಲು 'ರಾಷ್ಟ್ರ' ಅಂತ ಬರೆದು ನೋಡ್ತೀನಿ. ನೀವು ಯಾವ ಪದ ಬರೆದು ನೋಡ್ತೀರಿ?