ಮನಸ್ಸಿನ ವಿಚಾರ ಹೊಲದ ತನಕ ಬಂದದ್ದು

ಕಲಬುರಗಿ ಅಂದಕೂಡಲೇ ಬೆಂಗಳೂರಿನ ಗೆಳೆಯರಿಗೆ ನೆನಪಾಗೋದು ಎರಡೇ: ಬಿಸಿಲು ಮತ್ತು ತೊಗರಿಬೇಳೆ. ತತ್ವಶಾಸ್ತ್ರ ಅಂದರೆ ಯಾರೂ ಆ ದಿಕ್ಕಿಗೆ ಕೈ ತೋರಿಸೋದಿಲ್ಲ. ಆದರೆ ಆಳಂದ, ಜೇವರ್ಗಿ, ಅಫಜಲಪುರ ಅನ್ನೋ ಮೂರು ಹೆಸರು ಒಟ್ಟಿಗೆ ಕಂಡಾಗೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ. ಒಂದು ಆಳವಾದ ವಿಚಾರ ಪಂಡಿತರ ಜಗಲಿ ದಾಟಿ ಹೊಲದಲ್ಲಿ ದುಡಿಯುವವರ ತನಕ ಹೋಗೋದು ಹೇಗೆ? ಈ ಮೂರು ತಾಲ್ಲೂಕುಗಳು ಬೇರೆ ಬೇರೆ ಕಾಲದಲ್ಲಿ ಇದಕ್ಕೆ ಮೂರು ಉತ್ತರ ಕೊಟ್ಟಿವೆ.

ಮೊದಲನೆಯದು ಆಳಂದದ್ದು. 12ನೇ ಶತಮಾನದ ಏಕಾಂತದ ರಾಮಯ್ಯ ಹುಟ್ಟಿದ್ದು ಅಲ್ಲಿ. ಆತನ ಕಥೆ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿದೆ. ಜೈನರ ಜೊತೆ ವಾದ, ತಲೆಯನ್ನೇ ಪಣಕ್ಕಿಟ್ಟು ಗೆದ್ದ ಪವಾಡ, ಕೊನೆಗೆ ಬಿಜ್ಜಳನಿಂದ ಜಯಪತ್ರ. ವಿಚಾರವನ್ನು ಹರಡೋದಕ್ಕೆ ಇದು ಹಳೆಯ ದಾರಿ. ನೋಡಿದವರಿಗೆ ಯಾರು ಗೆದ್ದರು ಅಂತ ಗೊತ್ತಾಗುತ್ತೆ. ತನ್ನ ಮನಸ್ಸಿನೊಳಗೆ ಏನು ನಡೀತಿದೆ ಅಂತ ಮಾತ್ರ ಗೊತ್ತಾಗಲ್ಲ.

ಎರಡನೆಯದು ಜೇವರ್ಗಿಯದು. 17ನೇ ಶತಮಾನದಲ್ಲಿ ಅಲ್ಲಿದ್ದ ಷಣ್ಮುಖ ಶಿವಯೋಗಿಗಳು, ಬಸವಣ್ಣನವರ ಕಾಲಕ್ಕೆ ಐನೂರು ವರ್ಷ ಕಳೆದ ಮೇಲೆ, ಮತ್ತೆ ವಚನ ಬರೆದರು. ಅಖಂಡೇಶ್ವರ ಅನ್ನೋ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ. ಅವುಗಳ ಜೋಡಣೆ ಷಟ್‌ಸ್ಥಲದ ಕ್ರಮದಲ್ಲಿದೆ: ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಮನಸ್ಸು ಒಂದೊಂದೇ ಮೆಟ್ಟಿಲು ಹತ್ತಿ ‘ನಾನು’ ಅನ್ನೋದು ಕರಗುವ ತನಕದ ನಕ್ಷೆ ಅದು. ಅಚ್ಚುಕಟ್ಟಾದ ಕೆಲಸ. ಆದರೆ ನಕ್ಷೆ ಓದೋದಕ್ಕೆ ಅಕ್ಷರ ಬೇಕು, ಇಲ್ಲವೇ ಬಿಡಿಸಿ ಹೇಳುವ ಗುರು ಬೇಕು. ಆ ಕಾಲದ ಕೂಲಿಯವನಿಗೆ ಇವೆರಡೂ ಸುಲಭವಾಗಿ ಸಿಗುತ್ತಿದ್ದವೇ?

ಮೂರನೆಯ ಉತ್ತರ ಬಂದದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದವನಿಂದ. ಆತ ನೆಲೆ ನಿಂತದ್ದು ಆಗಿನ ಜೇವರ್ಗಿ ತಾಲ್ಲೂಕಿನ, ಈಗಿನ ಯಡ್ರಾಮಿ ತಾಲ್ಲೂಕಿನ ಕಡಕೋಳದಲ್ಲಿ. ಹೆಸರು ಮಡಿವಾಳಪ್ಪ. 19ನೇ ಶತಮಾನದ ಮೊದಲರ್ಧದಲ್ಲಿ ಬದುಕಿದ್ದವನು, ಗುರು ಮಹಾಂತನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಆಗ ನಿಜಾಮನ ಕಚೇರಿಯ ಭಾಷೆ ಪಾರ್ಸಿ, ಶಾಸ್ತ್ರದ ಭಾಷೆ ಸಂಸ್ಕೃತ. ಮಡಿವಾಳಪ್ಪ ಹಿಡಿದದ್ದು ಊರಿನವರ ಮಾತು. ಅದನ್ನು ಹಾಡಿಗೆ ಕಟ್ಟಿದ. ಅವನ್ನೇ ನಾವು ತತ್ವಪದ ಅಂತೀವಿ.

ಇದನ್ನು ‘ಭಕ್ತಿಗೀತೆ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟರೆ ಅರ್ಧ ವಿಷಯ ಕೈತಪ್ಪುತ್ತದೆ. ತತ್ವಪದಗಳ ವಸ್ತು ಬಹುಪಾಲು ಮನಸ್ಸೇ: ಅದರ ಹಾರಾಟ, ಆಸೆ, ಸೊಕ್ಕು, ಅದಕ್ಕೆ ತಾನೇ ಹೇಳಿಕೊಳ್ಳುವ ಸುಳ್ಳು, ಜಾತಿ-ಮಡಿಯ ಹೆಸರಲ್ಲಿ ಅದು ಹಾಕುವ ವೇಷ. ಹೇಳೋದಕ್ಕೆ ಬಳಸೋದು ಕೇಳುವವನ ಸಾಮಾನುಗಳನ್ನೇ. ದೇಹ ಅಂದರೆ ಹೊಲ, ಇಲ್ಲವೇ ಮನೆ. ಮನಸ್ಸು ಅಂದರೆ ಕಟ್ಟಿದರೂ ನಿಲ್ಲದ ದನ, ಕೊಂಬೆಯಿಂದ ಕೊಂಬೆಗೆ ಜಿಗಿಯುವ ಮಂಗ. ಏಕತಾರಿ, ತಾಳ ಇಟ್ಟುಕೊಂಡು ರಾತ್ರಿಯೆಲ್ಲ ಭಜನೆ ಮಾಡುವಾಗ ಒಬ್ಬ ಹಾಡುತ್ತಾನೆ, ಉಳಿದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಹತ್ತು ಸಲ ತಿರುಗಿ ಬರುವ ಪಲ್ಲವಿ ಬೆಳಗ್ಗೆ ಕಳೆ ಕೀಳುವಾಗಲೂ ಬಾಯಲ್ಲಿರುತ್ತೆ. ಅಕ್ಷರ ಬಾರದವನ ಹತ್ತಿರ ವಿಚಾರ ಉಳಿಯುವ ವ್ಯವಸ್ಥೆ ಇದು.

ಪಕ್ಕದ ವಿಜಯಪುರದ ಸೂಫಿಗಳಿಗೂ ಈ ಗುಟ್ಟು ಮೊದಲೇ ಗೊತ್ತಿತ್ತು. ಅವರ ಪರಂಪರೆಯಲ್ಲಿ ದಖನಿ ಭಾಷೆಯ ‘ಚಕ್ಕಿನಾಮಾ’ ಅನ್ನೋ ಹಾಡುಗಳಿವೆ. ಹೆಣ್ಣುಮಕ್ಕಳು ಬೀಸುಕಲ್ಲು ತಿರುವುತ್ತ ಹಾಡುವಂಥವು. ಕಲ್ಲಿನ ಒಂದೊಂದು ಭಾಗಕ್ಕೂ ಒಂದೊಂದು ತತ್ವದ ಅರ್ಥ. ಇಂಥ ನೆಲದಲ್ಲಿ ಮಡಿವಾಳಪ್ಪನ ಶಿಷ್ಯರ ಸಾಲಿನಲ್ಲಿ ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪನವರ ಜೊತೆಗೆ ಚನ್ನೂರ ಜಲಾಲಸಾಹೇಬ ಇರೋದು ಆಶ್ಚರ್ಯವಲ್ಲ. ಅವರೂ ಹಾಡು ಕಟ್ಟಿದರು. ಹೀಗೆ ಕೇಳುಗನೇ ಮುಂದಿನ ಕವಿಯಾದ.

ಇದೇ ಕಥೆ ಚೀನಾದಲ್ಲೂ ನಡೆದಿದೆ. ಅಲ್ಲಿ ವಾಂಗ್ ಯಾಂಗ್‌ಮಿಂಗ್ (1472–1529) ಅನ್ನೋ ಕನ್ಫ್ಯೂಷಿಯನ್ ಪಂಡಿತ, ಒಳ್ಳೆಯದು ಕೆಟ್ಟದ್ದನ್ನು ತಿಳಿಯುವ ಅರಿವು ಪ್ರತಿಯೊಬ್ಬರ ಮನಸ್ಸಿನಲ್ಲಿ ಹುಟ್ಟಿನಿಂದಲೇ ಇದೆ ಅಂದ. ಆತನ ಶಿಷ್ಯ ವಾಂಗ್ ಗೆನ್ ಉಪ್ಪು ತಯಾರಿಸುವ ಮನೆತನದವನು. ಅವನ ತೈಝೌ ಪಂಥಕ್ಕೆ ಸೌದೆ ಕಡಿಯುವವನೊಬ್ಬ, ಕುಂಬಾರನೊಬ್ಬ ಸೇರಿದರು. ಆ ಕುಂಬಾರ ಹಾನ್ ಝೆನ್ ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ರೈತರಿಗೆ ಪಾಠ ಹೇಳುತ್ತಿದ್ದ. ಕಡಕೋಳಕ್ಕೂ ತೈಝೌಗೂ ಯಾವ ಸಂಬಂಧವೂ ಇಲ್ಲ. ಆದರೆ ಎರಡೂ ಕಡೆ ಒಂದೇ ಒಪ್ಪಿಗೆ ಇದೆ: ಮನಸ್ಸಿನ ಬಗ್ಗೆ ಯೋಚಿಸೋದಕ್ಕೆ ಮನಸ್ಸೊಂದಿದ್ದರೆ ಸಾಕು, ಪದವಿ ಬೇಡ, ಕುಲ ಬೇಡ.

ಅಲ್ಲಿ ಒಂದು ಮುಖ್ಯ ಕೆಲಸ ನಡೆಯಿತು. 17ನೇ ಶತಮಾನದಲ್ಲಿ ಹುವಾಂಗ್ ಝೋಂಗ್‌ಶಿ ಮಿಂಗ್ ಕಾಲದ ಚಿಂತಕರ ಚರಿತ್ರೆ ಬರೆದಾಗ ತೈಝೌ ಪಂಥವನ್ನು ಟೀಕಿಸಿದ, ಆದರೆ ಬಿಟ್ಟುಬಿಡಲಿಲ್ಲ. ಸೌದೆಯವನೂ ಕುಂಬಾರನೂ ಪಂಡಿತರ ಜೊತೆ ಅದೇ ಪುಸ್ತಕದಲ್ಲಿದ್ದಾರೆ. ನಮ್ಮಲ್ಲೂ ಸಂಗ್ರಹ ಆಗಿಲ್ಲ ಅಂತಲ್ಲ. ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ತಂದಿದೆ. ಆದರೂ ಅವುಗಳನ್ನು ನಾವು ಹುಡುಕೋದು ಜಾನಪದದ ಕಪಾಟಿನಲ್ಲಿ, ಇಲ್ಲವೇ ಸಾಹಿತ್ಯದ ಕಪಾಟಿನಲ್ಲಿ. ಭಾರತೀಯ ದರ್ಶನ ಅಂತ ಬರೆದ ಕಪಾಟಿನಲ್ಲಿ ಶಂಕರರು ಸಿಗುತ್ತಾರೆ, ಜಲಾಲಸಾಹೇಬ ಸಿಗೋದಿಲ್ಲ.

ಇದು ಬರೀ ಕಪಾಟಿನ ಜಗಳ ಅಲ್ಲ. ಹಾಡನ್ನು ಜಾನಪದ ಅಂದಾಗ ರಾಗವನ್ನು ಮೆಚ್ಚಿಕೊಳ್ತೀವಿ, ವಾದವನ್ನು ಕೇಳಿಸಿಕೊಳ್ಳಲ್ಲ. ಶಿಶುನಾಳ ಶರೀಫರನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ ತಲೆದೂಗಿದ ನಾವೆಲ್ಲ, ಆ ಹಾಡು ಏನನ್ನು ಒಪ್ಪುತ್ತೆ, ಏನನ್ನು ಅಲ್ಲಗಳೆಯುತ್ತೆ ಅಂತ ಎಷ್ಟು ಸಲ ಕೂತು ಚರ್ಚಿಸಿದ್ದೀವಿ? ಷಟ್‌ಸ್ಥಲಕ್ಕೆ ಟೀಕೆ ಬರೆದವರಿದ್ದಾರೆ. ತತ್ವಪದಕ್ಕೆ ಟೀಕೆ ಇರೋದು ಹಾಡುವವರ ಬಾಯಲ್ಲಿ. ಎರಡು ಪದಗಳ ನಡುವೆ ನಿಲ್ಲಿಸಿ ಅವರು ಹೇಳುವ ಅರ್ಥ ಅಚ್ಚಿನ ಪುಟಕ್ಕೆ ಬರೋದಿಲ್ಲ. ಹಾಡುವವರು ಹೋದರೆ ಅದೂ ಹೋಗುತ್ತೆ.

ಅದಕ್ಕೇ ಆ ಸಂಪುಟಗಳಲ್ಲಿ ಒಂದನ್ನಾದರೂ ತೆಗೆದು ಓದಿ ಅಂತೀನಿ. ಆಮೇಲೆ ಆ ಕಡೆ ಹೋದಾಗ ಯಾವುದಾದರೂ ಊರಿನ ಭಜನೆಯಲ್ಲಿ ಕೂತು, ಹಾಡು ನಿಂತಾಗ ಕೇಳಿ: ‘ಇದರ ಅರ್ಥ ಏನ್ರೀ ಯಪ್ಪಾ?’ ಪಾಠ ಶುರುವಾಗೋದು ಅಲ್ಲಿಂದ.