ಮೈಟರ್ ಸಾ ಇದ್ದರೆ ಯಾರು ಬೇಕಾದರೂ ಬಡಿಗರಾಗಬಹುದೇ? 45 ಡಿಗ್ರಿ ಜೋಡಣೆಯ ಸತ್ಯ-ಮಿಥ್ಯ

ಒಂದು ನಿಮಿಷದ ವಿಡಿಯೊ. ಮೇಜಿನ ಮೇಲೊಂದು ಯಂತ್ರ, ಅದರ ಕೆಳಗೆ ಮರದ ಪಟ್ಟಿ. ಹಿಡಿಕೆ ಒತ್ತಿದರೆ ಬೆಣ್ಣೆ ಕೊಯ್ದಂತೆ ಪಟ್ಟಿ ಓರೆಯಾಗಿ ತುಂಡಾಗುತ್ತದೆ. ಎರಡು ತುಂಡಿಗೆ ಅಂಟು ಸವರಿ ಒತ್ತಿದರೆ ಮೂಲೆ ಸಿದ್ಧ. ಕೊನೆಗೆ ಒಂದು ಸಾಲು: "ಬಡಿಗೇರರಿಗೆ ಇನ್ನು ಕೂಲಿ ಕೊಡಬೇಡಿ, ಮೊಳೆಯೂ ಬೇಡ, ಸ್ಕ್ರೂ ಕೂಡ ಬೇಡ!"

ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಯಂತ್ರ ತರಿಸಿಕೊಳ್ಳುವುದು ಈಗ ಕಷ್ಟದ ಕೆಲಸವೂ ಅಲ್ಲ. ಆದರೆ ವಿಡಿಯೊ ಎರಡು ವಿಷಯ ಹೇಳುವುದಿಲ್ಲ. ಒಂದು, ಆ ಜೋಡಣೆ ಎಷ್ಟು ಭಾರ ಹೊರುತ್ತದೆ. ಎರಡು, ಆ ಬ್ಲೇಡಿನ ಹತ್ತಿರ ಕೈ ಎಲ್ಲಿರಬೇಕು. ಮೊದಲನೆಯದು ತಪ್ಪಿದರೆ ಸ್ಟೂಲು ಮುರಿಯುತ್ತದೆ. ಎರಡನೆಯದು ತಪ್ಪಿದರೆ ಬೆರಳು ಹೋಗುತ್ತದೆ.

ಮೈಟರ್ ಸಾ ಎಂದರೇನು?

ಇದು ಮರದ ಪಟ್ಟಿಯನ್ನು ಅಡ್ಡಕ್ಕೆ ಬೇಕಾದ ಕೋನದಲ್ಲಿ ಕತ್ತರಿಸುವ ವಿದ್ಯುತ್ ಗರಗಸ. ದುಂಡನೆಯ ಬ್ಲೇಡು ಒಂದು ತೋಳಿಗೆ ಕೂತಿರುತ್ತದೆ. ತೋಳನ್ನು ಕೆಳಗೆ ಎಳೆದರೆ ಬ್ಲೇಡು ಮರದೊಳಗೆ ಇಳಿಯುತ್ತದೆ. ಕೆಳಗಿನ ತಟ್ಟೆಯನ್ನು ತಿರುಗಿಸಿ 90, 45, 30 ಹೀಗೆ ಕೋನ ಹೊಂದಿಸಬಹುದು. ಹಿಂದುಗಡೆ ಒಂದು ಗೋಡೆಯಂಥ ಆಸರೆ ಇರುತ್ತದೆ. ಮರ ಅದಕ್ಕೆ ಬಿಗಿಯಾಗಿ ಒರಗಿರಬೇಕು.

ಎರಡು ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ ಮೂಲೆಯಲ್ಲಿ ಕೂಡಿಸಿದರೆ ಅದನ್ನು ಮೈಟರ್ ಜೋಡಣೆ ಎನ್ನುತ್ತಾರೆ. ಗೋಡೆಯ ಮೇಲಿನ ಫೋಟೊ ಚೌಕಟ್ಟಿನ ಮೂಲೆ ನೋಡಿ. ಅಲ್ಲಿರುವುದು ಇದೇ.

ಈ ಯಂತ್ರ ಕೋನವನ್ನು ಮಾತ್ರ ಕೊಡುತ್ತದೆ. ಬಲ ಬರುವುದು ಜೋಡಣೆಯ ವಿಧಾನದಿಂದ.

ಮಿಥ್ಯ 1: "ಅಂಟು ಹಚ್ಚಿದ 45 ಡಿಗ್ರಿ ಮೂಲೆ ಎಲ್ಲಕ್ಕಿಂತ ಗಟ್ಟಿ"

ನಿಜವಲ್ಲ. ಮರವನ್ನು ಜೋಳದ ಕಣಕಿಯ ಸೂಡಿನಂತೆ ಕಲ್ಪಿಸಿಕೊಳ್ಳಿ. ಉದ್ದಕ್ಕೆ ಸಾವಿರಾರು ಎಳೆಗಳು ಒಟ್ಟಾಗಿ ನಿಂತಿವೆ. ಅಡ್ಡ ಕತ್ತರಿಸಿದ ತುದಿಯಲ್ಲಿ ಆ ಎಳೆಗಳ ಬಾಯಿ ತೆರೆದಿರುತ್ತದೆ. ಅಲ್ಲಿ ಸವರಿದ ಅಂಟನ್ನು ಮರ ಹೀರಿಕೊಳ್ಳುತ್ತದೆ, ಸಂದಿನಲ್ಲಿ ಉಳಿಯುವುದು ಕಡಿಮೆ.

ಇದಕ್ಕಿಂತ ದೊಡ್ಡ ಸಮಸ್ಯೆ ಸನ್ನೆಯದು. ಕಲ್ಲು ಎಬ್ಬಿಸಲು ಉದ್ದನೆಯ ಹಾರೆ ಹಾಕಿದಂತೆಯೇ ಇಲ್ಲೂ ಆಗುತ್ತದೆ. ಪಟ್ಟಿಯ ಉದ್ದ 60 ಸೆಂ.ಮೀ., ಮೂಲೆಯ ಅಗಲ 6 ಸೆಂ.ಮೀ. ಎಂದುಕೊಳ್ಳಿ. ತುದಿಗೆ 10 ಕಿಲೊ ಭಾರ ಬಿದ್ದರೆ ಮೂಲೆಯ ಅಂಟಿನ ಮೇಲೆ ಹೆಚ್ಚುಕಡಿಮೆ ಹತ್ತು ಪಟ್ಟು, ಅಂದರೆ 100 ಕಿಲೊದಷ್ಟು ಎಳೆತ ಬೀಳುತ್ತದೆ. ಅಂಟು ಹಿಡಿದ ಜಾಗವೋ ಅಂಗೈಯಷ್ಟೂ ಇರುವುದಿಲ್ಲ.

ನಮ್ಮ ಭಾಗದ ಹೊಲದ ಸಾಮಾನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕುಂಟೆಯ ದಿಂಡಿಗೆ ತೂತು ಹೊಡೆದು, ಅದರೊಳಗೆ ತಾಳು ಕೂರಿಸಿ, ಬೆಣೆ ಬಡಿಯುತ್ತಾರೆ. ಹಳೆಯ ಮನೆಗಳ ಬಾಗಿಲ ಚೌಕಟ್ಟಿನಲ್ಲೂ ಒಂದು ಮರದ ನಾಲಿಗೆ ಇನ್ನೊಂದರ ತೂತಿನೊಳಗೆ ಹೋಗಿ ಕೂತಿರುತ್ತದೆ. ಅಲ್ಲಿ ಭಾರವನ್ನು ಅಂಟು ಹೊರುವುದಿಲ್ಲ, ಮರವೇ ಮರವನ್ನು ಹಿಡಿದಿರುತ್ತದೆ. ಎತ್ತುಗಳು ಎಳೆದರೂ ಅದು ಬಿಚ್ಚಿಕೊಳ್ಳದಿರುವುದು ಇದಕ್ಕೇ.

ಹಾಗಾದರೆ ಬರೀ ಅಂಟು ಕೆಲಸಕ್ಕೇ ಬಾರದೇ? ಬರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದಲೇ ಕೂಡಿಸುತ್ತ ಬಂದಿದ್ದಾರೆ. ಆದರೆ ಗೊಂಬೆಯ ಮೇಲೆ ಯಾರೂ ಕೂರುವುದಿಲ್ಲ. ಭಾರ ಎಷ್ಟೋ ಜೋಡಣೆ ಅಷ್ಟು. ಬಡಿಗತನದ ಮೊದಲ ಪಾಠ ಇದು.

ಮಿಥ್ಯ 2: "ಯಂತ್ರದಲ್ಲಿ 45 ಎಂದು ತೋರಿಸಿದರೆ ಅದು 45"

ಇದೂ ಪೂರ್ತಿ ನಿಜವಲ್ಲ. ಡಬ್ಬದಿಂದ ತೆಗೆದ ಹೊಸ ಯಂತ್ರದಲ್ಲೂ ಅರ್ಧ ಡಿಗ್ರಿ ಹೆಚ್ಚುಕಡಿಮೆ ಇರಬಹುದು. ಅರ್ಧ ಡಿಗ್ರಿ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ: ನಾಲ್ಕು ಮೂಲೆಯ ಚೌಕಟ್ಟಿಗೆ ಎಂಟು ಕಡೆ ಕತ್ತರಿಸಬೇಕು. ಎಂಟು ಅರ್ಧ ಸೇರಿದರೆ ನಾಲ್ಕು ಡಿಗ್ರಿ. ಮೂರು ಮೂಲೆ ಚೆಂದವಾಗಿ ಕೂಡಿಸಿದರೆ ಆ ತಪ್ಪೆಲ್ಲ ನಾಲ್ಕನೆಯ ಮೂಲೆಯಲ್ಲಿ ಬಾಯಿ ಬಿಟ್ಟು ನಿಲ್ಲುತ್ತದೆ. ತಪ್ಪನ್ನು ನಾಲ್ಕಕ್ಕೂ ಹಂಚಿದರೂ 6 ಸೆಂ.ಮೀ. ಅಗಲದ ಪಟ್ಟಿಯಲ್ಲಿ ಒಂದೊಂದು ಮೂಲೆಗೆ ಸುಮಾರು ಒಂದೂವರೆ ಮಿ.ಮೀ. ಸಂದು ಕಾಣುತ್ತದೆ.

ಪರೀಕ್ಷಿಸುವುದು ಸುಲಭ. ಬೇಡದ ಪಟ್ಟಿಯಲ್ಲಿ ಎರಡು ತುಂಡು 45ಕ್ಕೆ ಕತ್ತರಿಸಿ ಕೂಡಿಸಿ. ಒಳಗೆ ಮೂಲೆಮಟ್ಟ ಇಟ್ಟು ನೋಡಿ. ಬೆಳಕು ತೂರಿದರೆ ಯಂತ್ರದ ಕೋನ ಸರಿಪಡಿಸಿ, ಮತ್ತೆ ಕತ್ತರಿಸಿ ನೋಡಿ.

ಮೂಲೆಮಟ್ಟ ಇಲ್ಲವೇ? ಗೌಂಡಿಗಳು ಪಾಯ ಹಾಕುವಾಗ ಬಳಸುವ 3-4-5 ಲೆಕ್ಕ ಸಾಕು. ಮೂಲೆಯಿಂದ ಒಂದು ಕಡೆ 30 ಸೆಂ.ಮೀ., ಇನ್ನೊಂದು ಕಡೆ 40 ಸೆಂ.ಮೀ. ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 50 ಸೆಂ.ಮೀ. ಬಂದರೆ ಮೂಲೆ 90 ಡಿಗ್ರಿ.

ಬೇರೆ ಆಕಾರಗಳಿಗೂ ಸೂತ್ರ ಒಂದೇ: 180ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಬದಿಗೆ 45, ಆರು ಬದಿಗೆ 30, ಎಂಟು ಬದಿಗೆ 22.5 ಡಿಗ್ರಿ.

ಮಿಥ್ಯ 3: "ಸಂದು ಬಂದರೆ ಸೂಪರ್ ಗ್ಲೂ, ಅಡುಗೆ ಸೋಡಾ ಹಾಕಿ; ಕಬ್ಬಿಣದಷ್ಟು ಗಟ್ಟಿ"

ಅರ್ಧ ಸತ್ಯ. ಅಡುಗೆ ಸೋಡಾದ ಮೇಲೆ ಸೂಪರ್ ಗ್ಲೂ ಬಿದ್ದ ಕ್ಷಣವೇ ಗಟ್ಟಿಯಾಗುವುದು ನಿಜ. ಆಗ ಬಿಸಿಯೂ ಏಳುತ್ತದೆ, ಆದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಆದರೆ ಹಾಗೆ ಗಟ್ಟಿಯಾದದ್ದು ಪೆಡಸು. ಬಾಗುವ ಬದಲು ಸಿಡಿದು ಬಿರಿಯುತ್ತದೆ. ಮರದ ಹೊಟ್ಟಿಗೆ ಅಂಟು ಕಲಸಿ ತುಂಬುವುದೂ ಹೀಗೆಯೇ. ಸಂದು ಕಣ್ಣಿಗೆ ಮುಚ್ಚುತ್ತದೆ, ಜೋಡಣೆಗೆ ಬಲ ಬರುವುದಿಲ್ಲ.

ಸಂದು ಆಮೇಲೆ ಬರುವುದಕ್ಕೆ ಇನ್ನೊಂದು ಕಾರಣ ನಮ್ಮ ಹವೆ. ಮರ ತೇವಕ್ಕೆ ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಅಗಲಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಮಳೆಗಾಲದಲ್ಲಿ ಹಸಿ ಮರ ತಂದು ಚೌಕಟ್ಟು ಮಾಡಿದಿರಿ ಎನ್ನಿ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮರ ಒಣಗಿ, ಮೂಲೆಯ ಒಳಬದಿಯಲ್ಲಿ ಸಂದು ಬಿಡುತ್ತದೆ. ಒಣ ಮರದಲ್ಲಿ ಮಾಡಿ ಅದು ಮಳೆಗಾಲದಲ್ಲಿ ಉಬ್ಬಿದರೆ ಸಂದು ಹೊರಬದಿಯಲ್ಲಿ ಬರುತ್ತದೆ. ಆದ್ದರಿಂದ ಚೆನ್ನಾಗಿ ಒಣಗಿದ ಮರವನ್ನೇ ಆರಿಸಿ, ತಂದ ಮೇಲೂ ಕೆಲವು ದಿನ ಮನೆಯೊಳಗೆ ನೆರಳಲ್ಲಿಟ್ಟು ಬಳಸಿ.

ಹೊಸಬರು ಕಲಿಯಬೇಕಾದ ಮೂರು ಜೋಡಣೆಗಳು

ಮೊದಲನೆಯದು ನೇರ ಜೋಡಣೆ. ಎರಡು ತುಂಡನ್ನೂ 90ಕ್ಕೆ ಕತ್ತರಿಸಿ, ಒಂದರ ತುದಿಯನ್ನು ಇನ್ನೊಂದರ ಮೈಗೆ ತಾಗಿಸಿ, ಅಂಟು ಮತ್ತು ಎರಡು ಸ್ಕ್ರೂ ಹಾಕುವುದು. ಸ್ಕ್ರೂಗೆ ಮೊದಲೇ ಸಣ್ಣ ತೂತು ಹೊಡೆಯಿರಿ, ಇಲ್ಲವಾದರೆ ಮರ ಸೀಳುತ್ತದೆ. ಪೆಟ್ಟಿಗೆ, ಸಣ್ಣ ಕಪಾಟಿಗೆ ಇದು ಸಾಕು.

ಎರಡನೆಯದು ಅರ್ಧಕ್ಕರ್ಧ ಜೋಡಣೆ. ಎರಡೂ ತುಂಡುಗಳ ತುದಿಯಲ್ಲಿ ಅರ್ಧ ದಪ್ಪ ತೆಗೆದು, ಒಂದರ ಮೇಲೊಂದು ಕೂರಿಸುವುದು. ಮರದ ಮೈಗೆ ಮೈ ತಾಗುವ ಜಾಗ ದೊಡ್ಡದು, ಆದ್ದರಿಂದ ಅಂಟು ಬಲವಾಗಿ ಹಿಡಿಯುತ್ತದೆ. ಕೆಲವು ಮೈಟರ್ ಸಾಗಳಲ್ಲಿ ಬ್ಲೇಡು ಇಂತಿಷ್ಟೇ ಆಳಕ್ಕೆ ಇಳಿಯುವಂತೆ ತಡೆ ಇರುತ್ತದೆ. ಅದಿಲ್ಲದಿದ್ದರೆ ಕೈಗರಗಸ, ಉಳಿ ಬಳಸಿ. ಭಾರ ಹೊರುವ ಚೌಕಟ್ಟಿಗೆ, ಮೇಜಿನ ಅಡಿಪಟ್ಟಿಗೆ ಇದು ಒಳ್ಳೆಯದು.

ಮೂರನೆಯದು 45 ಡಿಗ್ರಿಯ ಮೈಟರ್ ಜೋಡಣೆ. ಅಂದಕ್ಕೆ ಇದೇ ಮೇಲು, ಏಕೆಂದರೆ ಕತ್ತರಿಸಿದ ತುದಿ ಎಲ್ಲೂ ಕಾಣುವುದಿಲ್ಲ. ಫೋಟೊ, ಕನ್ನಡಿಯ ಚೌಕಟ್ಟಿಗೆ ಬಳಸಿ. ಭಾರದ ಕನ್ನಡಿಯಾದರೆ ಅಂಟು ಒಣಗಿದ ಮೇಲೆ ಮೂಲೆಗೆ ಅಡ್ಡಲಾಗಿ ಕೈಗರಗಸದಲ್ಲಿ ಗೀರು ಕೊಯ್ದು, ಅದರೊಳಗೆ ತೆಳು ಮರದ ಚೂರನ್ನು ಅಂಟು ಹಚ್ಚಿ ಕೂರಿಸಿ. ಈ ಚಿಕ್ಕ ಚೂರೇ ಎರಡೂ ತುಂಡುಗಳನ್ನು ಹಿಡಿದಿಡುತ್ತದೆ.

ಮೊದಲ ಕೆಲಸ: ಒಂದು ಫೋಟೊ ಚೌಕಟ್ಟು

20×25 ಸೆಂ.ಮೀ. ಫೋಟೊಗೆ 4 ಸೆಂ.ಮೀ. ಅಗಲದ ಪಟ್ಟಿ ತೆಗೆದುಕೊಳ್ಳಿ. ಹೊಸಬರು ಎಡವುವುದು ಅಳತೆಯಲ್ಲಿ. 20 ಮತ್ತು 25 ಒಳಗಿನ ಅಳತೆ. ಹೊರಗಿನ ಉದ್ದಕ್ಕೆ ಎರಡೂ ಬದಿಯ ಪಟ್ಟಿಯ ಅಗಲ ಕೂಡಿಸಬೇಕು: 20+8=28, 25+8=33 ಸೆಂ.ಮೀ.

ಎದುರುಬದುರಿನ ತುಂಡುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಇರಬೇಕು. ಪ್ರತಿಸಲ ಟೇಪು ಹಿಡಿಯುವ ಬದಲು ಆಸರೆಗೆ ಒಂದು ಮರದ ತಡೆ ಬಿಗಿದು, ಅದಕ್ಕೆ ತಾಗಿಸಿ ಎರಡನ್ನೂ ಕತ್ತರಿಸಿ. ಅಂಟು ಹಚ್ಚುವ ಮುನ್ನ ನಾಲ್ಕನ್ನೂ ಒಣದಾಗಿ ಜೋಡಿಸಿ ನೋಡಿ. ಮೂಲೆಯಿಂದ ಮೂಲೆಗೆ ಅಳೆದ ಎರಡು ಕರ್ಣಗಳು ಸಮ ಬಂದರೆ ಚೌಕಟ್ಟು ಸೊಟ್ಟಗಿಲ್ಲ.

ತುದಿಗಳಿಗೆ ಬಿಳಿ ಮರದಂಟನ್ನು ತೆಳ್ಳಗೆ ಸವರಿ. ಒಂದೆರಡು ನಿಮಿಷದಲ್ಲಿ ಮರ ಅದನ್ನು ಹೀರಿಕೊಂಡ ಮೇಲೆ ಇನ್ನೊಮ್ಮೆ ಸವರಿ ಕೂಡಿಸಿ. ಬಿಗಿಯಾಗಿ ಕಟ್ಟಿ, ಒಂದು ದಿನ ಅಲುಗಿಸಬೇಡಿ.

ಬೆರಳು ಉಳಿಸಿಕೊಳ್ಳುವ ನಿಯಮಗಳು

10 ಇಂಚಿನ ಬ್ಲೇಡು ನಿಮಿಷಕ್ಕೆ ಸುಮಾರು 4,500ರಿಂದ 5,500 ಸುತ್ತು ತಿರುಗುತ್ತದೆ. ಅಂದರೆ ಅದರ ಹಲ್ಲುಗಳು ಗಂಟೆಗೆ 200 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತವೆ. ಆಗ ಕೈ ಹಿಂತೆಗೆಯುತ್ತೇನೆ ಎಂಬ ಲೆಕ್ಕ ನಡೆಯುವುದಿಲ್ಲ.

- ಕೈ ಬ್ಲೇಡಿನಿಂದ ಕನಿಷ್ಠ 6 ಇಂಚು ದೂರ ಇರಲಿ. ಅಷ್ಟು ದೂರದಲ್ಲಿ ಹಿಡಿಯಲಾಗದ ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿದು ಕತ್ತರಿಸಲೇಬೇಡಿ, ಕ್ಲ್ಯಾಂಪು ಹಾಕಿ.
- ಬ್ಲೇಡು ಪೂರ್ತಿ ವೇಗ ಪಡೆದ ಮೇಲೆ ನಿಧಾನವಾಗಿ ಇಳಿಸಿ. ಕತ್ತರಿಸಿದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡು ನಿಂತ ನಂತರವೇ ತೋಳು ಎತ್ತಿ. ತಿರುಗುತ್ತಿರುವಾಗ ಎತ್ತಿದರೆ ತುಂಡು ಸಿಡಿಯುತ್ತದೆ.
- ದುಂಡನೆಯ ಜಾಲಿ, ಬೇವಿನ ಕೊಂಬೆಯನ್ನು ಇದರಲ್ಲಿ ಕತ್ತರಿಸಬೇಡಿ. ಬ್ಲೇಡು ತಾಗಿದೊಡನೆ ಅದು ಉರುಳಿ ಕೈಯನ್ನೂ ಎಳೆದುಕೊಳ್ಳುತ್ತದೆ.
- ಬ್ಲೇಡಿನ ರಕ್ಷಣಾ ಕವಚವನ್ನು ತಂತಿ ಕಟ್ಟಿ ಮೇಲೆತ್ತಿ ಇಡಬೇಡಿ.
- ಕೈಗವಸು, ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಜೋತಾಡುವ ಸೆರಗು, ಬಳೆ, ಕೈದಾರ ಬೇಡ. ಬ್ಲೇಡಿಗೆ ಸಿಕ್ಕಿದ ಬಟ್ಟೆ ಕೈಯನ್ನೂ ಒಳಗೆಳೆಯುತ್ತದೆ.
- ಕರೆಂಟ್ ಹೋದರೆ ಮೊದಲು ಪ್ಲಗ್ ತೆಗೆಯಿರಿ. ಬ್ಲೇಡು ಬದಲಿಸುವಾಗಲೂ ಅಷ್ಟೇ.
- ಹಳೆಯ ಮರವಾದರೆ ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ.
- ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಇನ್ನೊಂದು ಅಪಾಯಕಾರಿ ಫಾರ್ವರ್ಡ್ ಇದೆ: "ಮೈಟರ್ ಸಾ ಯಾಕೆ, ಗ್ರೈಂಡರ್‌ಗೆ ಮರದ ಬ್ಲೇಡು ಹಾಕಿ ಸಾಕು." ದಯವಿಟ್ಟು ಮಾಡಬೇಡಿ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದಿರುವುದು ಕಬ್ಬಿಣ ಉಜ್ಜಿ ಕತ್ತರಿಸಲು. ಹಲ್ಲಿನ ಬ್ಲೇಡು ಮರದಲ್ಲಿ ಒಮ್ಮೆ ಕಚ್ಚಿಕೊಂಡರೆ ಯಂತ್ರವೇ ಕೈಯಿಂದ ಜಿಗಿದು ಮುಖಕ್ಕೋ ತೊಡೆಗೋ ಬಡಿಯುತ್ತದೆ.

ಬೆರಳು ತುಂಡಾದರೆ ಏನು ಮಾಡಬೇಕು?

ಅರಿಸಿನ, ಕಾಫಿ ಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಶುಚಿ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿ, ಕೈ ಮೇಲೆತ್ತಿ ಹಿಡಿಯಿರಿ. 108ಕ್ಕೆ ಕರೆ ಮಾಡಿ.

ತುಂಡಾದ ಬೆರಳನ್ನು ನೇರವಾಗಿ ಮಂಜುಗಡ್ಡೆಯಲ್ಲಿ ಇಡುವುದು ತಪ್ಪು. ಅದರಿಂದ ಜೀವಕೋಶಗಳು ಸಾಯುತ್ತವೆ. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿರುವ ಇನ್ನೊಂದು ಚೀಲದಲ್ಲಿಟ್ಟು ಗಾಯಾಳುವಿನ ಜೊತೆಯಲ್ಲೇ ಕಳಿಸಿ. ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಹೊರಡುವಾಗಲೇ ಫೋನು ಮಾಡಿ ಕೇಳಿಕೊಂಡರೆ ಹೊತ್ತು ಉಳಿಯುತ್ತದೆ.

ಒಟ್ಟಿನಲ್ಲಿ

ಮೈಟರ್ ಸಾ ಒಳ್ಳೆಯ ಯಂತ್ರ. ಕೈಗರಗಸದಲ್ಲಿ ಹತ್ತು ನಿಮಿಷ ಹಿಡಿಯುವ ನೇರ ಕತ್ತರಿಕೆಯನ್ನು ಹತ್ತು ಸೆಕೆಂಡಿನಲ್ಲಿ ಮಾಡುತ್ತದೆ. ಆದರೆ ಯಾವ ಮೂಲೆಗೆ ಯಾವ ಜೋಡಣೆ ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಅದನ್ನು ತಿಳಿದವರು ನಿಮ್ಮೂರಿನಲ್ಲೇ ಇದ್ದಾರೆ. ಯಂತ್ರ ಕೊಳ್ಳುವ ಮುನ್ನ ಒಂದು ದಿನ ಬಡಿಗೇರರ ಹತ್ತಿರ ಕೂತು, ಅವರು ಚೌಕಟ್ಟಿನ ಮೂಲೆ ಹೇಗೆ ಕೂಡಿಸುತ್ತಾರೆ ನೋಡಿ ಬನ್ನಿ.

ಆ ಒಂದು ನಿಮಿಷದ ವಿಡಿಯೊ ಮತ್ತೆ ಬಂದರೆ ಮುಂದೆ ಕಳಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಜೋಡಣೆ ಎಷ್ಟು ಭಾರ ಹೊರುತ್ತದೆ? ಕತ್ತರಿಸುವವರ ಕೈ ಬ್ಲೇಡಿನಿಂದ ಎಷ್ಟು ದೂರ ಇದೆ? ಎರಡಕ್ಕೂ ಉತ್ತರ ಕಾಣದಿದ್ದರೆ ಆ ವಿಡಿಯೊ ನಿಮ್ಮಲ್ಲೇ ನಿಲ್ಲಲಿ.